ಅಕ್ಕನ ದನಿ ಇದ್ದ ಟ್ಯಾಬ್

"ನಿಮ್ಮ ಸಾಧನಕ್ಕೆ ಈ ಆ್ಯಪ್ ಹೊಂದುವುದಿಲ್ಲ." ಇಷ್ಟೇ. ಯಾಕೆ ಹೊಂದುವುದಿಲ್ಲ, ಏನು ಮಾಡಿದರೆ ಹೊಂದೀತು, ಯಾರನ್ನು ಕೇಳಬೇಕು, ಒಂದೂ ಇಲ್ಲ. ಬೂದು ಅಕ್ಷರದಲ್ಲಿ ಒಂದು ಸಾಲು ತೋರಿಸಿ, ಟ್ಯಾಬಿನೊಳಗಿನ ಆ ಅಧಿಕೃತ ಆ್ಯಪ್ ಅಂಗಡಿ ಬಾಗಿಲು ಹಾಕಿಕೊಂಡಿತು. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಹುಕ್ಕೇರಿಯ ನನ್ನ ಮನೆಯ ಪಡಸಾಲೆಯಲ್ಲಿ ಕೂತು ಆ ಗಾಜಿಗೆ ಬಾಯಿಗೆ ಬಂದಂತೆ ಬೈದೆ. ಅಕ್ಕನ ಆಪರೇಶನ್ನಿಗೆ ಇನ್ನು ಆರೇ ದಿನ ಉಳಿದಿದ್ದವು.

ಅಕ್ಕ ಮೂಡಲಗಿಯಲ್ಲಿ ಖಾನಾವಳಿ ನಡೆಸುತ್ತಾಳೆ. ಆರು ಬೆಂಚು, ಒಂದು ಒಲೆ, ರೊಟ್ಟಿ ಬಡಿಯಲು ಎಲ್ಲರೂ ಕಾಕು ಎಂದು ಕರೆಯುವ ಒಬ್ಬ ಹೆಂಗಸು. ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾದರೆ ಸಾಕು, ಒಳಗಿನಿಂದ "ಶರಣ್ರಿ, ಬರ್ರಿ, ಕೈಕಾಲ ತೊಳ್ಕೊರ್ರಿ" ಎಂದು ಅವಳ ದನಿ ಎದುರು ಬರುತ್ತಿತ್ತು. ನಮ್ಮ ಕಡೆ ಊಟಕ್ಕೆ ಬಡಿಸುವುದಷ್ಟೇ ಸಾಲದು. ಉಣ್ಣುವವನು ಮೂರು ಸಲ ಸಾಕು ಅನ್ನಬೇಕು, ಬಡಿಸುವವಳು ನಾಲ್ಕು ಸಲ ಸಾಕು ಅನಬ್ಯಾಡ್ರಿ ಅನ್ನಬೇಕು. ಮೊದಲ ಸಲಕ್ಕೇ ಸುಮ್ಮನಾದರೆ ಬಡಿಸುವ ಮನಸ್ಸಿಲ್ಲ ಎಂದು ಅರ್ಥ, ಉಂಡವನು ಹೊರಗೆ ಹೋಗಿ ಆಡಿಕೊಳ್ಳುತ್ತಾನೆ. ಅಕ್ಕನ ವ್ಯಾಪಾರವೆಲ್ಲ ಆ ನಾಲ್ಕನೆಯ ಮಾತಿನ ಮೇಲೆ ನಿಂತಿತ್ತು. ಹಿಟ್ಟಿನ ಮೇಲಲ್ಲ.

ಅಂಥವಳ ಗಂಟಲಲ್ಲಿ ಗಂಟು. ಬೆಳಗಾವಿಯ ಡಾಕ್ಟರು ಸುತ್ತಿ ಬಳಸಿ ಹೇಳಲಿಲ್ಲ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದರು. ಆಸ್ಪತ್ರೆಯಲ್ಲಿ ಮಾತು ಕಲಿಸುವ ಒಬ್ಬ ಹೆಣ್ಣುಮಗಳು ನನ್ನನ್ನು ಬದಿಗೆ ಕರೆದು ಒಂದು ಉಪಾಯ ಹೇಳಿದಳು. ಒಂದು ಆ್ಯಪ್ ಇದೆ, ಪರದೆಯ ತುಂಬ ಚೌಕಗಳು. ಆಪರೇಶನ್ನಿಗೆ ಮುಂಚೆಯೇ ಒಂದೊಂದು ಚೌಕಕ್ಕೆ ಒಂದೊಂದು ಮಾತನ್ನು ಸ್ವಂತ ದನಿಯಲ್ಲಿ ತುಂಬಿಡಬೇಕು. ಆಮೇಲೆ ಚೌಕ ಒತ್ತಿದರೆ ಅದೇ ದನಿ ಬರುತ್ತದೆ. ಮೊಬೈಲಿನ ಚೌಕ ಅಕ್ಕನ ಬೆರಳಿಗೆ ಚಿಕ್ಕದು, ಅವಳಿಗೆ ಕಣ್ಣೂ ಮಂದ. ಹಾಗಾಗಿ ಟ್ಯಾಬೇ ಬೇಕಿತ್ತು.

ನನ್ನಲ್ಲೊಂದು ಟ್ಯಾಬ್ ಇತ್ತು. ಶಾಲೆ ಮುಚ್ಚಿ ಪಾಠವೆಲ್ಲ ಪರದೆಗೆ ಹೋದ ಕಾಲದಲ್ಲಿ ಹಳೆಯದನ್ನೇ ಕೊಂಡದ್ದು. ಗಾಜು ಗಟ್ಟಿ, ದನಿ ದೊಡ್ಡದು, ಬ್ಯಾಟರಿ ಇಡೀ ದಿನ ಬರುತ್ತಿತ್ತು. ಏನೂ ಕೆಟ್ಟಿರಲಿಲ್ಲ. ಆದರೂ ಅಂಗಡಿಯ ಲೆಕ್ಕದಲ್ಲಿ ಅದು ಸತ್ತಿತ್ತು. ಹೊಸದು ತಂದರೆ ಮುಗಿಯಿತಲ್ಲ ಎಂದು ನನ್ನ ಹೆಂಡತಿ ಅಂದಳು. ಅವಳು ಅಂದದ್ದು ಸರಿಯೇ. ಆದರೆ ನನಗೆ ಹಟ. ನಡೆಯುವ ಎತ್ತನ್ನು ಕೊಟ್ಟಿಗೆಯಿಂದ ಹೊರಗೆ ಹಾಕು ಅನ್ನಲು ಇವರು ಯಾರು? ನಾನು ಗಣಿತದ ಮಾಸ್ತರ, ಶಾಲೆಯ ಕಂಪ್ಯೂಟರ್ ಕೋಣೆಯ ಕೀಲಿಯೂ ನನ್ನ ಬಳಿ ಇರುತ್ತದೆ. ಅಷ್ಟಕ್ಕೇ ಊರವರು ನನ್ನನ್ನು ಎಲ್ಲ ಬಲ್ಲವನು ಅಂದುಕೊಂಡಿದ್ದಾರೆ, ಕಾಲಕ್ರಮೇಣ ನಾನೂ ಹಾಗೇ ಅಂದುಕೊಂಡಿದ್ದೆ.

ಹುಡುಕಿದೆ. ಆ ಆ್ಯಪ್ ಮಾಡಿದವರು ತಮ್ಮ ಸ್ವಂತ ಜಾಲತಾಣದಲ್ಲಿ ಹಳೆಯ ಸಾಧನಗಳಿಗೆಂದು ಹಳೆಯ ಆವೃತ್ತಿಯ ಫೈಲನ್ನೇ ಇಟ್ಟಿದ್ದರು. ಅಂಗಡಿಯ ಹಂಗಿಲ್ಲದೆ ಆ್ಯಪ್ ಕೂರಿಸುವ ಫೈಲು, ಎಪಿಕೆ ಅನ್ನುತ್ತಾರಲ್ಲ, ಅದು. ಇಳಿಸಿಕೊಂಡು ಒತ್ತಿದರೆ ಟ್ಯಾಬ್ ಒಪ್ಪಲಿಲ್ಲ. ಸೆಟ್ಟಿಂಗಿನೊಳಗೆ ಹೋಗಿ "ಅಪರಿಚಿತ ಮೂಲಗಳು" ಎಂಬ ಸ್ವಿಚ್ ಹಾಕಬೇಕಿತ್ತು. ಹಾಕಿದೆ. ಕೂಡಲೇ ಎಚ್ಚರಿಕೆ ಬಂತು. ಇದರಿಂದ ನಿಮ್ಮ ಸಾಧನಕ್ಕೆ, ಮಾಹಿತಿಗೆ ಹಾನಿಯಾಗಬಹುದು, ಹಾನಿಗೆ ನೀವೇ ಹೊಣೆ. ಓದಿ ನನಗೆ ಇನ್ನಷ್ಟು ಉರಿಯಿತು. ಬಾಗಿಲಲ್ಲಿ ಬಂದವನನ್ನು ಹೊರಗೆ ನಿಲ್ಲಿಸುವವರೂ ಇವರೇ, ಹಿತ್ತಿಲಿಂದ ಬಂದರೆ ಕಳ್ಳ ಅನ್ನುವವರೂ ಇವರೇ. "ಹೌದ್ರೆಪಾ, ನಾನs ಹೊಣೆ" ಎಂದು ಜೋರಾಗಿ ಅಂದು ಒತ್ತಿದೆ. ಅರ್ಧ ನಿಮಿಷದಲ್ಲಿ ಆ್ಯಪ್ ಕೂತಿತು. ಅರವತ್ತು ಖಾಲಿ ಚೌಕ. ಯುದ್ಧ ಗೆದ್ದವನ ಹಾಗೆ ಹೆಂಡತಿಗೆ ತೋರಿಸಿದೆ.

ಆ ಸ್ವಿಚ್ಚನ್ನು ಮತ್ತೆ ಆರಿಸಬೇಕಿತ್ತು. ಅದು ನನಗೆ ಗೊತ್ತಿತ್ತು. ಮುಂದೆ ಮತ್ತೊಂದು ಫೈಲು ಹಾಕಬೇಕಾದೀತು, ಇರಲಿ ಬಿಡು ಎಂದು ಹಾಗೇ ಬಿಟ್ಟೆ. ಇದನ್ನು ಬರೆಯುವಾಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಮರುದಿನ ರಜೆ ಹಾಕಿ ಮೂಡಲಗಿಗೆ ಹೋದೆ. ಮಧ್ಯಾಹ್ನದ ಗದ್ದಲ ಇಳಿದ ಮೇಲೆ ಅಕ್ಕನನ್ನು ಬೆಂಚಿನ ಮೇಲೆ ಕೂರಿಸಿ ನಾನು ಬರೆದು ತಂದಿದ್ದ ಪಟ್ಟಿ ಓದಿದೆ. ನೀರು ಬೇಕು. ನೋವಾಗುತ್ತಿದೆ. ಗುಳಿಗೆ ಕೊಡು. ಉಸಿರಾಟ ಕಷ್ಟ. ಡಾಕ್ಟರನ್ನು ಕರೆ.

ಅಕ್ಕ ಮುಖ ಕಿವುಚಿದಳು. ಆಗಲೇ ದನಿ ಒಡೆದಿತ್ತು, ಆದರೂ ಅವಳದೇ ದನಿ. "ಇವನ್ನೆಲ್ಲಾ ಕೈ ಮಾಡಿ ತೋರಸ್ತೇನಿ ತಗೊ. ನೀರ ಬೇಕು ಅನ್ನಾಕ ಬಾಯಿ ಯಾಕ ಬೇಕ? ಕೈ ಮಾಡಿ ಹೇಳಾಕ ಬರಲಾರದ್ದ ಇದ್ರ ಅದನ್ನ ತುಂಬು."

"ಅಂದ್ರ ಏನ್ ತುಂಬೂಣು?"

"ಬಂದ ಮಂದೀನ ಕರ್ಯೂದು ಬ್ಯಾಡೇನು?"

ಹೀಗೆ ತುಂಬಿದಳು. ಶರಣ್ರಿ, ಬರ್ರಿ. ಕೈಕಾಲ ತೊಳ್ಕೊರ್ರಿ. ಇನ್ನೊಂದ ರೊಟ್ಟಿ ಹಾಕ್ಲೇನ್ರಿ? ಸಾಕು ಅನಬ್ಯಾಡ್ರಿ. ಏನೂ ಉಂಡs ಇಲ್ಲ ನೀವು. ಎಣ್ಣಿಗಾಯಿ ಇವತ್ತ ಚಲೋ ಆಗೇತಿ, ಒಂದ ಹಾಕ್ಲಿ. ಮಜ್ಜಿಗಿ ಕುಡದ ಏಳ್ರಿ. ಮನ್ಯಾಗ ಎಲ್ಲಾ ಆರಾಮ? ಹೋಗಿ ಬರ್ರಿ, ಮತ್ತ ಬರ್ರಿ. ಹಿಂದೆ ಕಾಕು ರೊಟ್ಟಿ ಬಡಿಯುವ ಸದ್ದೂ ಸೇರಿಕೊಳ್ಳುತ್ತಿತ್ತು. ಸ್ವಲ್ಪ ನಿಲ್ಲಿಸಲು ಹೇಳಿದೆ. ಅಕ್ಕ ಬೇಡ ಅಂದಳು, ಆ ಸದ್ದಿಲ್ಲದಿದ್ದರೆ ಖಾನಾವಳಿ ಬಂದ್ ಆಗಿದೆ ಅಂದುಕೊಂಡಾರು ಅಂದಳು. "ಸಾಕು ಅನಬ್ಯಾಡ್ರಿ" ಮಾತ್ರ ನಾಲ್ಕು ಚೌಕಗಳಲ್ಲಿ, ನಾಲ್ಕು ಥರ. ಒಂದನೆಯದು ಮೆತ್ತಗೆ, ನಾಲ್ಕನೆಯದು ಗದರಿಕೆ.

ಐವತ್ತೊಂಬತ್ತು ತುಂಬಿತು. ನಾನು ಮುಖ ತೊಳೆಯಲು ಹಿತ್ತಿಲಿಗೆ ಹೋದೆ. ಬರುವಷ್ಟರಲ್ಲಿ ಅರವತ್ತನೆಯದೂ ತುಂಬಿತ್ತು. ಒತ್ತಿ ನೋಡು ಎಂದು ಅಕ್ಕ ಗಲ್ಲ ಎತ್ತಿ ಸನ್ನೆ ಮಾಡಿದಳು. "ಉಂಡಿಯೇನೋ ತಮ್ಮಾ? ಸಿಟ್ಟ ಬಾಜೂಕಿಟ್ಟ ಉಣ್ಣು." ಕಾಕು ಬಿದ್ದು ಬಿದ್ದು ನಕ್ಕಳು. ನನಗೆ ಸಿಟ್ಟು ಬಂತು, ನಗುವೂ ಬಂತು.

ಆಪರೇಶನ್ ಆಯಿತು. ಕುತ್ತಿಗೆಯ ತೂತಿನ ಮೇಲೆ ಬಿಳಿ ಬಟ್ಟೆ ಕಟ್ಟಿಕೊಂಡು ಅಕ್ಕ ಎರಡು ತಿಂಗಳಿಗೆ ಖಾನಾವಳಿಗೆ ಮರಳಿದಳು. ಹೊಗೆಯ ಬಳಿ ಹೋಗುವಂತಿರಲಿಲ್ಲ. ಒಲೆ ಕಾಕುವಿನ ಪಾಲಿಗೆ ಹೋಯಿತು, ಬಾಗಿಲ ಬಳಿಯ ಮೇಜು ಅಕ್ಕನ ಪಾಲಿಗೆ ಬಂತು, ಮೇಜಿನ ಮೇಲೆ ಟ್ಯಾಬ್. ಚಪ್ಪಲಿ ಬಿಡುವ ಸದ್ದಾದ ಕೂಡಲೇ ಚೌಕ ಒತ್ತುವಳು. ಮೊದಮೊದಲು ಜನ ಬೆಚ್ಚಿದರು. ವಾರ ಕಳೆಯುವುದರಲ್ಲಿ ಬೇಕೆಂದೇ ಸಾಕು ಸಾಕು ಅನ್ನತೊಡಗಿದರು, ನಾಲ್ಕನೆಯ ಗದರಿಕೆ ಕೇಳಲಿಕ್ಕೆ. ಅವಳಿಗೆ ಫೋನಿನಲ್ಲಿ ಮಾತಾಡಲು ಬಾರದ್ದರಿಂದ ರೊಟ್ಟಿಯ ಆರ್ಡರುಗಳು ಮೆಸೇಜಿನಲ್ಲಿ ಬರಲೆಂದು ಅವಳ ನಂಬರನ್ನೂ ಅದೇ ಟ್ಯಾಬಿಗೆ ಹಾಕಿಕೊಟ್ಟೆ. ಎಲ್ಲ ನಾನೇ ಮಾಡಿದ್ದು. ಎಲ್ಲ ಬಲ್ಲವನಲ್ಲವೇ.

ಆಮೇಲೆ ಒಂದು ಗುರುವಾರ ಆ ಲಗ್ನದ ಕಾರ್ಡು ಬಂತು.

ದಿನಾ ಉಣ್ಣಲು ಬರುವ ಒಬ್ಬ ಗಿರಾಕಿಯ ನಂಬರಿನಿಂದ ಬಂದಿತ್ತು. ಅವನ ಫೋನೂ ಇದೇ ಫೈಲಿಗೆ ಸಿಕ್ಕಿ ಮೊದಲೇ ಕೆಟ್ಟಿತ್ತೆಂದು ಆಮೇಲೆ ತಿಳಿಯಿತು. "ಮದುವೆಯ ಮಮತೆಯ ಕರೆಯೋಲೆ" ಎಂದು ಮೇಲೆ, ಕೆಳಗೆ ಒಂದು ಫೈಲು. ಚಿತ್ರವಲ್ಲ, ಎಪಿಕೆ. ಅಕ್ಕನಿಗೆ ಅದರ ವ್ಯತ್ಯಾಸ ಏನು ಗೊತ್ತು? ನಮ್ಮ ಮನೆಯಲ್ಲಿ ಲಗ್ನಪತ್ರಿಕೆಯನ್ನು ಕೈ ತೊಳೆದು, ಎರಡೂ ಕೈಯಲ್ಲಿ ಇಸಿದುಕೊಂಡು, ಅಲ್ಲೇ ಒಡೆದು ಓದಬೇಕು. ಓದದೆ ಬದಿಗಿಟ್ಟರೆ ಕರೆಯಲು ಬಂದವರಿಗೆ ಅವಮಾನ. ಅಕ್ಕ ಪರದೆಯ ಮೇಲಿನದಕ್ಕೂ ಹಾಗೇ ಮಾಡಿದಳು. ಕೈ ತೊಳೆದು ಬಂದಳು ಎಂದು ಕಾಕು ಆಮೇಲೆ ಹೇಳಿದಳು. ಸೆರಗಿಗೆ ಒರೆಸಿಕೊಂಡು ಒತ್ತಿದಳಂತೆ. ನಾನು ತೆರೆದಿಟ್ಟ ಹಿತ್ತಿಲ ಬಾಗಿಲಿಂದ ಅದು ನೆಟ್ಟಗೆ ಒಳಗೆ ನಡೆಯಿತು. ಮೆಸೇಜು ಓದಲೇ ಎಂದು ಕೇಳಿತು, ಹೂಂ ಎಂದು ಒತ್ತಿದಳು. ನಂಬರುಗಳನ್ನು ನೋಡಲೇ, ಹೂಂ. ಕಳಿಸಲೇ, ಹೂಂ. ಲಗ್ನಕ್ಕೆ ಕರೆದವರಿಗೆ ಯಾರಾದರೂ ಒಲ್ಲೆ ಅನ್ನುತ್ತಾರೆಯೇ?

ಇಂಥ ಫೈಲು ಮಾಡುವ ಹಲ್ಕಾ ಮಂದಿಗೆ ನಮ್ಮ ರೀತಿ ರಿವಾಜು ಚೆನ್ನಾಗಿ ಗೊತ್ತು. ಅದಕ್ಕೇ ಅವರು ಲಾಟರಿ ಎಂದು ಕಳಿಸುವುದಿಲ್ಲ, ಲಗ್ನ ಎಂದು ಕಳಿಸುತ್ತಾರೆ. ನಮ್ಮ ಒಳ್ಳೆಯತನದ ಮೇಲೇ ಕಲ್ಲು ಹಾಕುವ ಇವರ ಮನೆ ಹಾಳಾಗಲಿ ಎಂದು ಶಾಪ ಹಾಕಿದ್ದೇನೆ, ಈಗಲೂ ಹಾಕುತ್ತೇನೆ.

ಅರ್ಧ ಗಂಟೆಯಲ್ಲಿ ಅಕ್ಕನ ನಂಬರಿನಿಂದ ಅದೇ ಕರೆಯೋಲೆ ಎಲ್ಲ ಗಿರಾಕಿಗಳಿಗೂ ಹೋಯಿತು. ನಾನು ಹತ್ತನೆಯ ತರಗತಿಯಲ್ಲಿ ಬೀಜಗಣಿತ ಕಲಿಸುತ್ತಿದ್ದೆ. ಕಾಕುವಿನ ಫೋನು ಬಂತು.

"ಮಾಸ್ತರ, ಯಾರ ಲಗ್ನರಿ? ಮಂದಿ ಬಂದ ಕೇಳಾಕತ್ತಾರ. ಈ ಟ್ಯಾಬಿನ ಹಲಗಿ ತಾನs ಎಲ್ಲಾರ್ನೂ ಲಗ್ನಕ್ಕ ಕರಿಯಾಕತ್ತೇತಿ, ನಿಲ್ಲವಲ್ದು."

ಕೇಳಿದ ಕೂಡಲೇ ತಿಳಿಯಿತು. ಮಕ್ಕಳ ಮುಂದೆಯೇ ಕಿರುಚಿದೆ. "ಅದನ್ನ ಒತ್ತಿದ್ಯಾಕ? ಕಂಡದ್ದೆಲ್ಲಾ ಒತ್ತೂದ?" ಬೈದದ್ದು ಕಾಕುವಿಗೆ, ಆದರೆ ಫೋನಿನ ಸ್ಪೀಕರ್ ಹಾಕಿತ್ತು, ಅಕ್ಕ ಪಕ್ಕದಲ್ಲೇ ನಿಂತಿದ್ದಳು. ತಿರುಗಿ ಅನ್ನಲು ಅವಳಿಗೆ ಬಾಯಿಲ್ಲ ಎಂಬುದೂ ಆ ಹೊತ್ತಿಗೆ ನನ್ನ ತಲೆಗೆ ಹೋಗಲಿಲ್ಲ. ಟ್ಯಾಬ್ ಆಫ್ ಮಾಡಿ ಗೋಕಾಕಕ್ಕೆ ಒಯ್ಯಲು ಹೇಳಿದೆ. ಅವರಿಗೂ ನನಗೂ ನಡುವಿನ ಊರು, ನನ್ನ ಪರಿಚಯದ ಮೊಬೈಲ್ ರಿಪೇರಿಯವನೊಬ್ಬ ಅಲ್ಲಿದ್ದ. ಕೊನೆಯ ಗಂಟೆ ಬಾರಿಸಿದ ಕೂಡಲೇ ನಾನೂ ಬರುತ್ತೇನೆ ಅಂದೆ.

ಕೊನೆಯ ತರಗತಿಯ ನಡುವೆ ಆ ರಿಪೇರಿಯವನ ಫೋನು ಬಂತು. ಎರಡು ಮಾತು ಆಡಿದೆವು, ಇಟ್ಟೆ. ಆಡಿದ್ದೇನೆಂದು ಆಮೇಲೆ ಹೇಳುತ್ತೇನೆ, ಯಾಕೆಂದರೆ ನನಗೂ ಅದು ಆಮೇಲೆಯೇ ಸರಿಯಾಗಿ ಕೇಳಿಸಿದ್ದು.

ಸಂಜೆಯ ಬಸ್ಸು ಕೊಣ್ಣೂರಿನ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡಿತು. ಒಳಗೆ ಕೂತು ನಾನು ಆ್ಯಪ್ ಅಂಗಡಿಯನ್ನು ಬೈದೆ, ಕಳ್ಳರನ್ನು ಬೈದೆ, ಟ್ರ್ಯಾಕ್ಟರನ್ನೂ ಬೈದೆ. ಗೋಕಾಕದ ಅಂಗಡಿ ಮುಟ್ಟಿದಾಗ ಕಾಕು ಸ್ಟೂಲಿನ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತಿದ್ದಳು. ರಿಪೇರಿಯವನು ಟ್ಯಾಬನ್ನು ಬಟ್ಟೆಯಿಂದ ಒರೆಸಿ ನನ್ನ ಕೈಗಿಟ್ಟ. "ಸ್ವಚ್ಛ ಆಗೇತಿ ನೋಡ್ರಿ ಸರ. ಹೊಸಾದs ಆಗೇತಿ."

ನಿಜವಾಗಿಯೂ ಹೊಸದಾಗಿತ್ತು. ನಿಮ್ಮ ಭಾಷೆ ಯಾವುದು ಎಂದು ಕೇಳುತ್ತಿತ್ತು. ಚೌಕಗಳಿರಲಿಲ್ಲ. ಆ್ಯಪ್ ಇರಲಿಲ್ಲ.

"ಇದರಾಗಿನ ರೆಕಾರ್ಡಿಂಗ್ ಎಲ್ಲೆ?"

"ಎಲ್ಲಾ ತೆಗದೇನ್ರಿ."

ಅವನ ಕೊರಳಪಟ್ಟಿಗೆ ಕೈ ಹಾಕುವುದೊಂದು ಬಾಕಿ. ಬುದ್ಧಿ ಇದೆಯೇ, ಕೇಳದೆ ಹೇಗೆ ಅಳಿಸಿದೆ, ಅದು ಒಬ್ಬಳ ಬಾಯಿ, ನಿನಗೆ ಗೊತ್ತೇನು ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿದೆ. ಅವನು ತನ್ನ ಫೋನು ತೆಗೆದು ಏನೋ ಹುಡುಕಿದ. "ಗಿರಾಕಿ ಆಮ್ಯಾಲ ತಕರಾರ ಮಾಡ್ತಾರಂತ ಎಲ್ಲಾ ಕಾಲ್ ರೆಕಾರ್ಡ್ ಆಗೂಹಂಗ ಇಟ್ಟೇನ್ರಿ" ಎಂದು ಮೇಜಿನ ಮೇಲಿಟ್ಟ.

ಮೊದಲು ಅವನ ದನಿ, ತಾಳ್ಮೆಯ ದನಿ. "ಸರ, ಪೂರಾ ಫಾರ್ಮ್ಯಾಟ್ ಹೊಡೀಬೇಕಾಗ್ತೈತಿ. ಒಳಗ ಏನರೆ ಇಟ್ಕೊಳ್ಳೂದು ಐತೇನ್ರಿ?"

ಆಮೇಲೆ ನನ್ನದು. "ಏನೂ ಬ್ಯಾಡ! ಎಲ್ಲಾ ಹೊಡದ ಹಾಕು! ಒಂದೂ ಉಳೀಬಾರ್ದು! ತಲಿ ತಿನಬ್ಯಾಡ, ನಾ ಕ್ಲಾಸಿನ್ಯಾಗ ಅದೇನಿ!"

ನನ್ನ ಸಿಟ್ಟಿನ ದನಿಯನ್ನು ನಾನು ಹೊರಗಿನಿಂದ ಕೇಳಿದ್ದು ಅದೇ ಮೊದಲು. ಬೀದಿನಾಯಿ ಬೊಗಳಿದ ಹಾಗಿತ್ತು. ಮಕ್ಕಳು ದಿನಾ ಇದನ್ನು ಕೇಳುತ್ತಾರೆ, ಹೆಂಡತಿ ಕೇಳುತ್ತಾಳೆ. ಆ ರೆಕಾರ್ಡಿಂಗುಗಳು ಆ್ಯಪಿನೊಳಗಷ್ಟೇ ಇರುತ್ತವೆ, ಹಳೆಯ ಆವೃತ್ತಿಗೆ ಬೇರೆ ಕಡೆ ನಕಲು ಇಡಲು ಬರುವುದಿಲ್ಲ ಎಂಬುದನ್ನು ನಾನು ಆ ಜಾಲತಾಣದಲ್ಲೇ ಓದಿದ್ದೆ. ಓದಿ ಮರೆತಿದ್ದೆ. ಎಲ್ಲೋ ಮೇಲೆ, ಕ್ಲೌಡ್ ಅನ್ನುತ್ತಾರಲ್ಲ, ಆ ಮೋಡದಲ್ಲಿ, ಯಾರೋ ಕಾಯ್ದಿಟ್ಟಿರುತ್ತಾರೆ ಎಂದು ಕಂಪ್ಯೂಟರ್ ಕೋಣೆಯ ಕೀಲಿ ಇಟ್ಟುಕೊಂಡ ನಾನು ನಂಬಿದ್ದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂಬ ಗಾದೆಯನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ.

ರಿಪೇರಿಯವನು ಫೋನು ಕಿಸೆಗೆ ಹಾಕಿಕೊಂಡು ಚಹಾ ತರಿಸಿದ. "ಬಿಡ್ರಿ ಸರ, ನನಗೂ ಒಂದ ಮಾತ ತಿರಿಗಿ ಕೇಳಬೇಕಿತ್ತ" ಅಂದ. ಬೈಸಿಕೊಂಡವನೇ ಹೀಗಂದ ಮೇಲೆ ಚಹಾ ಅರ್ಧಕ್ಕೇ ಇಟ್ಟು ಎದ್ದೆ.

ಕಾಕುವಿನ ಜೊತೆ ಮೂಡಲಗಿಗೆ ಹೋದೆ. ದಾರಿಯುದ್ದಕ್ಕೂ ನನ್ನ ಫೋನಿನಲ್ಲಿ ಹಳೆಯ ವಿಡಿಯೋ ಹುಡುಕಿದೆ. ಒಂದು ಲಗ್ನದ್ದು ಸಿಕ್ಕಿತು. ಅಕ್ಕ ಯಾರಿಗೋ ಬಡಿಸುತ್ತ ಏನೋ ಅನ್ನುತ್ತಿದ್ದಾಳೆ, ಬ್ಯಾಂಡಿನ ಗದ್ದಲದಲ್ಲಿ ತುಟಿ ಅಲುಗುವುದಷ್ಟೇ ಕಾಣುತ್ತದೆ. ನಾಲ್ಕು ಸಲ ಹಾಕಿ ನೋಡಿದೆ. ಕಾಕು ಫೋನನ್ನು ನನ್ನ ಕೈಯಿಂದ ತೆಗೆದು ಬ್ಯಾಗಿನಲ್ಲಿಟ್ಟಳು.

ಅಕ್ಕನಿಗೆ ಎಲ್ಲ ಹೇಳಿದೆ. ಸ್ವಿಚ್ಚು ಬಿಟ್ಟದ್ದು, ಎಲ್ಲ ಹೊಡೆದು ಹಾಕು ಅಂದದ್ದು, ಎಲ್ಲ. ಬೈಯಲಿ ಎಂದು ಕಾದೆ. ಅವಳು ಎದ್ದು ತಾಟು ಇಟ್ಟಳು. ಎರಡು ರೊಟ್ಟಿ, ಪಲ್ಯ. ಅಭ್ಯಾಸಬಲದಿಂದ ಮೂರನೆಯ ರೊಟ್ಟಿಗೆ ನಾನು "ಸಾಕು" ಅಂದೆ. ರೊಟ್ಟಿ ಹಿಡಿದವಳ ಇನ್ನೊಂದು ಕೈ ಮೇಜಿನ ಕಡೆಗೆ ಹೋಯಿತು, ಚೌಕ ಒತ್ತಲಿಕ್ಕೆ. ಅರ್ಧಕ್ಕೇ ನಿಂತಿತು. ಆಮೇಲೆ ಅವಳು ರೊಟ್ಟಿಯನ್ನು ಬುಟ್ಟಿಗೆ ಮರಳಿ ಹಾಕಿದಳು. ನನ್ನ ಐವತ್ತು ವರ್ಷದಲ್ಲಿ ಅವಳು ನನ್ನ ಮೊದಲ ಸಾಕಿಗೇ ಸುಮ್ಮನಾದದ್ದು ಅದೊಂದೇ ಸಲ. ತಾಟಿನ ಮುಂದೆ ಕೂತು ಅತ್ತೆ.

ಮರುದಿನ ಬೆಳಿಗ್ಗೆ ಅಲ್ಲೇ ಕೂತು ಫೈಲನ್ನು ಮತ್ತೆ ಇಳಿಸಿದೆ. ಸ್ವಿಚ್ಚು ಹಾಕಿದೆ, ಆ್ಯಪ್ ಕೂರಿಸಿದೆ, ಸ್ವಿಚ್ಚು ಆರಿಸಿದೆ, ಆರಿದೆಯೇ ಎಂದು ಮೂರು ಸಲ ನೋಡಿದೆ. ಅರವತ್ತು ಖಾಲಿ ಚೌಕ. ಕಾಕು ಕೈ ಒರೆಸಿಕೊಂಡು, "ನನ್ನ ದನಿ ತುಂಬ್ರಿ, ಹೆಣ್ಮಗಳದರೆ ಐತಿ" ಅಂದಳು. ಅಕ್ಕ ತಲೆ ಅಲ್ಲಾಡಿಸಿದಳು. ಪಾಟಿ ತೆಗೆದು ಬಳಪದಿಂದ ದಪ್ಪ ಅಕ್ಷರದಲ್ಲಿ ಬರೆದು ನನ್ನ ಮುಂದೆ ಹಿಡಿದಳು: "ನೀ ಅನ್ನು. ಸಿಟ್ಟ ಇಲ್ಲದಂಗ."

"ಸಾಕು ಅನಬ್ಯಾಡ್ರಿ" ಅಂದೆ. ಅವಳು ಒತ್ತಿ ಕೇಳಿ, ಬೇಡ ಎಂದು ಕೈಯಾಡಿಸಿದಳು. ಮತ್ತೆ ಅಂದೆ. ಬೇಡ. ಮತ್ತೆ. ಕಾಕು ಒಲೆಯ ಬಳಿಯಿಂದ, "ಪೊಲೀಸರ ಹಂಗ ಅಂತೀರಿ ಮಾಸ್ತರ, ಉಣ್ಣಾವ ತಾಟ ಬಿಟ್ಟ ಓಡಿ ಹೋಗ್ಯಾನು" ಅಂದಳು. ನನಗೆ ಸಿಟ್ಟು ನೆತ್ತಿಗೇರಿತು, ಆ ಸಿಟ್ಟೂ ದನಿಯಲ್ಲಿ ಸೇರಿಕೊಂಡಿತು, ಅಕ್ಕ ಅದನ್ನೂ ಅಳಿಸಿದಳು. ಒಂದು ಮಾತಿಗೆ ಮುಕ್ಕಾಲು ಗಂಟೆ ಹಿಡಿಯಿತು. ಹೊಟ್ಟೆಯಲ್ಲಿ ಇಷ್ಟು ಉರಿ ಇಟ್ಟುಕೊಂಡು ಇನ್ನೊಬ್ಬರಿಗೆ ಉಣ್ಣಿರಿ ಅನ್ನುವುದು ಎಷ್ಟು ಕಷ್ಟ ಎಂದು ಆ ದಿನ ತಿಳಿಯಿತು. ಮೂರು ಭಾನುವಾರ ಹೋಗಿ ಹೋಗಿ ಐವತ್ತೊಂಬತ್ತು ತುಂಬಿದೆ.

ಈಗ ಮೂಡಲಗಿಯ ಆ ಖಾನಾವಳಿಯಲ್ಲಿ ಬಂದವರನ್ನು ಕರೆಯುವುದು ನನ್ನ ದನಿ. ಗಿರಾಕಿಗಳು ನಗುತ್ತಾರೆ, ಉಣ್ಣುತ್ತಾರೆ. ನಾಲ್ಕನೆಯ ಗದರಿಕೆ ಮಾತ್ರ ಅಕ್ಕನ ಹಾಗೆ ಬಂದಿಲ್ಲ, ಅದರಲ್ಲಿ ಪ್ರೀತಿ ಕಡಿಮೆ, ಗದರಿಕೆ ಜಾಸ್ತಿ.

ಅರವತ್ತನೆಯ ಚೌಕ ತುಂಬಿಲ್ಲ. ಅದರಲ್ಲಿದ್ದ ಮಾತನ್ನು ನನಗೆ ನಾನೇ ಅಂದುಕೊಳ್ಳಲು ಬರುವುದಿಲ್ಲ. ಮೂಡಲಗಿಗೆ ಹೋದಾಗಲೆಲ್ಲ ಕೈ ತೊಳೆದು ಬಂದು ಅದನ್ನೊಮ್ಮೆ ಒತ್ತುತ್ತೇನೆ. ಟ್ಯಾಬ್ ಕೇಳುತ್ತದೆ: "ಈ ಚೌಕದಲ್ಲಿ ಏನೂ ಇಲ್ಲ. ಅಳಿಸಬೇಕೇ?"

ಬೇಡ ಎಂದು ಒತ್ತಿ, ಊಟಕ್ಕೆ ಕೂರುತ್ತೇನೆ.